ಟ್ಯಾಂಕಿಗಿಂತ ಮೇಲಿದ್ದ ಮನೆ

ಕೊಪ್ಪದಿಂದ ನರಸಿಂಹರಾಜಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಗುಡ್ಡವಿದೆ. ಅದರ ಇಳಿಜಾರಿನಲ್ಲಿ ಮನೆಯಿಲ್ಲದವರಿಗೆಂದು ಕಟ್ಟಿದ ಹನ್ನೆರಡು ಮನೆಗಳಿಗೆ ನೀರಿನ ಪೈಪ್ ಹಾಕಿದವನು ನಾನು. ಮೇಲಿನ ಸಾಲಿನ ನಾಲ್ಕು ಮನೆಗಳಲ್ಲಿ ಕೊನೆಯದು ನನ್ನ ಅಕ್ಕನದು. ಗಂಡ ತೀರಿಹೋದ ಮೇಲೆ ಅವಳು ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಹತ್ತು ವರ್ಷ ಕಳೆದಿದ್ದಳು. ಈ ಮನೆಗಳ ಪಟ್ಟಿಯಲ್ಲಿ ಹೆಸರು ಬಂದ ದಿನ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಜನರ ನಡುವೆಯೇ, ನನ್ನ ಕೈ ಹಿಡಿದುಕೊಂಡು ಅತ್ತಳು.

ಕೆಲಸ ಶುರುಮಾಡುವ ಮೊದಲು ನಾನು ಲೆವೆಲ್ ನೋಡಿದೆ. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಳಗಿನ ನೀರು ಕಾಣುವಂಥ ಉದ್ದನೆಯ ಪೈಪನ್ನು ತುಂಬಿಸಿ, ಗುಳ್ಳೆಗಳೆಲ್ಲ ಹೋದ ಮೇಲೆ ಎರಡು ತುದಿಗಳನ್ನು ಎತ್ತಿ ಹಿಡಿದರೆ ಸಾಕು. ನಡುವೆ ಪೈಪ್ ಎಷ್ಟೇ ಡೊಂಕಾಗಿ ಬಿದ್ದಿರಲಿ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿ ಹಿಡಿಯಲು ಅಕ್ಕನೇ ಬಂದಿದ್ದಳು. ಹನ್ನೆರಡೂ ಮನೆಗಳಿಗೆಂದು ಗುಡ್ಡದಲ್ಲಿ ಕಟ್ಟಿದ್ದ ಟ್ಯಾಂಕ್ ತುಂಬಿದಾಗ ನೀರು ನಿಲ್ಲುವ ಗೆರೆಯಿಂದ ಹೊರಟು, ಗೂಟದಿಂದ ಗೂಟಕ್ಕೆ ಗುರುತು ಮಾಡುತ್ತ ಅವಳ ಮನೆಯ ತನಕ ಹೋದೆವು. ಕೊನೆಯ ಗುರುತು ಬಿದ್ದದ್ದು ಅಂಗಳದ ಕೆಳಗೆ ಮಣ್ಣು ಕಡಿದು ನಿಲ್ಲಿಸಿದ ಧರೆಯಲ್ಲಿ. ಅಂಗಳ ಅದಕ್ಕಿಂತ ನನ್ನ ಎದೆಮಟ್ಟದಷ್ಟು ಮೇಲಿತ್ತು. ಆ ಸಾಲಿನ ಉಳಿದ ಮೂರು ಮನೆಗಳದ್ದೂ ಅದೇ ಕಥೆ.

ಗುತ್ತಿಗೆದಾರರ ಸೂಪರ್‌ವೈಸರಿಗೆ ಹೇಳಿದೆ.

"ಎಂತ ಮಾರಾಯ, ಅಷ್ಟು ದೊಡ್ಡ ಟ್ಯಾಂಕ್ ಕಟ್ಟಿದೀವಿ. ಆ ನೀರಿನ ಪ್ರೆಶರಿಗೆ ತಾನಾಗೇ ಹತ್ತತದೆ" ಎಂದರು.

"ಟ್ಯಾಂಕ್ ದೊಡ್ಡದಾದ್ರೆ ಎಂತ ಸರ್? ಪ್ರೆಶರ್ ಬರೋದು ಎತ್ತರದಿಂದ. ಹೊಳೆಯಷ್ಟು ನೀರು ತುಂಬಿಟ್ರೂ ತನ್ನ ಮಟ್ಟ ಬಿಟ್ಟು ಮೇಲೆ ಹೋಗಲ್ಲ. ಟ್ಯಾಂಕ್ ಇನ್ನೂ ಮೇಲೆ ಇರ್ಬೇಕಿತ್ತು. ಇಲ್ಲಾಂದ್ರೆ ಮೋಟರ್ ಇಡ್ಬೇಕು."

"ಮೇಲೆಲ್ಲ ಬಂಡೆ, ಲಾರಿ ಹೋಗಲ್ಲ. ಮೋಟರ್ ಪ್ಲಾನಲ್ಲೇ ಇಲ್ಲ. ನೀರು ಹತ್ತಲ್ಲ ಅಂತ ನೀನು ಬರೆದುಕೊಡು, ಆ ನಾಕು ಮನೆ ಕ್ಯಾನ್ಸಲ್ ಆಗ್ತದೆ, ಅಷ್ಟೆ."

ಅಕ್ಕ ಅಲ್ಲೇ ನಿಂತಿದ್ದಳು. ಅವರು ಅತ್ತ ಹೋದ ಮೇಲೆ ನನ್ನ ತೋಳು ಹಿಡಿದಳು.

"ತಮ್ಮಾ, ಸುಮ್ನಿರು. ನೀರು ಹೊತ್ಕೊಂಡು ಬರ್ತೀನಿ. ಇದು ಹೋದ್ರೆ ಇನ್ನೊಂದು ಮನೆ ನಂಗೆ ಯಾರು ಕೊಡ್ತಾರೆ?"

ನಾನು ಬರೆದುಕೊಡಲಿಲ್ಲ. ಪೈಪ್ ಹಾಕಿದೆ, ನಲ್ಲಿಯನ್ನೂ ಕೂರಿಸಿದೆ.

ಮನೆ ಹಸ್ತಾಂತರದ ದಿನ ಫೋಟೋದಲ್ಲಿ ನೀರು ಕಾಣಬೇಕೆಂದು ಕಚೇರಿಯವರು ಹೇಳಿದ್ದರು. ಸೂಪರ್‌ವೈಸರ್ ಹೇಳಿದಂತೆ ಅಕ್ಕನ ಮನೆಯ ತಾರಸಿಯ ಮೇಲೆ ಒಂದು ಡ್ರಮ್ ಇಟ್ಟು, ಅದರಿಂದ ನಲ್ಲಿಗೆ ಹಿಂಬದಿಯಿಂದ ಸಣ್ಣ ಪೈಪ್ ಎಳೆದೆ. ಡ್ರಮ್ ತುಂಬಲು ಬೆಳಗ್ಗೆಯಿಂದ ನಾನೂ ಅಕ್ಕನೂ ಕೊಡದಲ್ಲಿ ನೀರು ಹೊತ್ತೆವು. ನಲ್ಲಿ ತಿರುಗಿಸಿದಾಗ ನೀರು ರಭಸದಿಂದ ಬಂತು. ಅಕ್ಕ ಬೊಗಸೆ ಒಡ್ಡಿದಳು, ಫೋಟೋ ಹೊಡೆದರು. ಅವಳು ನಿಜವಾಗಿಯೂ ನಗುತ್ತಿದ್ದಳು. ಬಂದವರ ಕಾರುಗಳು ಗುಡ್ಡ ಇಳಿಯುವಷ್ಟರಲ್ಲಿ ನೀರು ಸಣ್ಣಗಾಗಿ ನಿಂತುಹೋಯಿತು.

ಆಮೇಲೆ ನಾನೇ ಒಂದು ಸಣ್ಣ ಮೋಟರ್ ತಂದಿಟ್ಟೆ. ತಮ್ಮ ನಲ್ಲಿಯಲ್ಲಿ ನೀರು ನಿಲ್ಲುತ್ತದೆಂದು ಕೆಳಗಿನ ಮನೆಯವರು ಎರಡನೇ ದಿನವೇ ಅದನ್ನು ತೆಗೆಸಿದರು. ಅವರದ್ದೂ ತಪ್ಪೆನ್ನಲಾರೆ. ಅಕ್ಕನನ್ನು ಕರೆದುಕೊಂಡು ಅರ್ಜಿ ಹಿಡಿದು ಕಚೇರಿಗೆ ಹೋದೆ. ಗುಮಾಸ್ತರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು.

"ಇಲ್ಲಿ ನೋಡಿ, ನಲ್ಲಿ ಇದೆ, ನೀರು ಬರ್ತಾ ಇದೆ. ಇವರೇ ಅಲ್ವಾ ಫೋಟೋದಲ್ಲಿರೋದು?"

ಡ್ರಮ್ಮಿನ ವಿಷಯ ಬಾಯಿಗೆ ಬಂತು. ಹೇಳಿದರೆ ಮನೆಗೇ ಕುತ್ತು ಬರಬಹುದೆಂಬ ಹೆದರಿಕೆಯಲ್ಲಿ ಅಕ್ಕ ನನ್ನ ಅಂಗಿಯ ತುದಿ ಜಗ್ಗಿದಳು. ನಾವು ಎದ್ದು ಬಂದೆವು.

ಮೂರನೇ ಬೇಸಗೆಯಲ್ಲಿ ಅವಳು ಸೊಂಟದಲ್ಲಿ ಕೊಡ ಇಟ್ಟುಕೊಂಡು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು, ಆದರೆ ಮತ್ತೆ ಎದ್ದು ನಿಲ್ಲಲಿಲ್ಲ. ನಮ್ಮ ಮನೆಗೆ ಕರೆತಂದೆ. ಮಲಗಿದಲ್ಲೇ ಇದ್ದು ಒಂದು ತಿಂಗಳೊಳಗೆ ಬೆನ್ನಿನ ಕೆಳಗೆ ಹುಣ್ಣಾಯಿತು.

ಡ್ರೆಸ್ಸಿಂಗಿಗೆ ಬರುತ್ತಿದ್ದ ನರ್ಸ್ ಹೇಳಿದರು: "ಮೈಭಾರ ಎಲ್ಲ ಹುಣ್ಣಿನ ಕೆಳಗಿನ ಎಲುಬಿನ ಮೇಲೇ ಬೀಳ್ತಾ ಇದೆ. ನೀರಿನ ಹಾಸಿಗೆ ತನ್ನಿ. ಅದ್ರಲ್ಲಿ ಒತ್ತಡ ಒಂದೇ ಕಡೆ ನಿಲ್ಲಲ್ಲ, ಮೈಗೆಲ್ಲ ಹಂಚಿಹೋಗ್ತದೆ."

ನೀರಿನ ಆ ಗುಣ ನನಗೂ ಗೊತ್ತಿತ್ತು. ಕೊಪ್ಪದಿಂದ ತಂದು, ಪೈಪ್ ಹಿಡಿದು ನಾನೇ ತುಂಬಿಸಿದೆ. ಮಲಗಿಸಿದಾಗ ಅಕ್ಕ ಅಂಗೈಯಿಂದ ಹಾಸಿಗೆಯನ್ನು ಒತ್ತಿ ನೋಡಿದಳು.

"ಇಷ್ಟು ನೀರು ಯಾರು ಹೊತ್ರು ತಮ್ಮಾ?"

"ಯಾರೂ ಹೊತ್ತಿಲ್ಲ ಅಕ್ಕಾ. ನಲ್ಲಿಯಿಂದ ಬಿಟ್ಟೆ."

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಹಾಸಿಗೆ ತರುವುದು ತಡವಾಗಿತ್ತು. ಹುಣ್ಣು ಎಲುಬಿನ ತನಕ ಇಳಿದಿತ್ತು, ಜ್ವರ ಬಿಡಲಿಲ್ಲ. ಇಪ್ಪತ್ತು ದಿನವೂ ಆಗಿರಲಿಲ್ಲ, ಅಕ್ಕ ಹೋದಳು. ಅವತ್ತು ನೀರು ಹತ್ತುವುದಿಲ್ಲವೆಂದು ನಾನು ಬರೆದುಕೊಟ್ಟಿದ್ದರೆ ಅವಳು ಲೈನ್ ಮನೆಯಲ್ಲಿ ಬದುಕಿರುತ್ತಿದ್ದಳು, ನನ್ನನ್ನು ಎಂದೂ ಕ್ಷಮಿಸುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಏನು ಮಾಡಬೇಕಿತ್ತೆಂದು ನನಗೆ ತಿಳಿಯುವುದಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಹೆಂಡತಿಯೂ ನಾನೂ ಆ ಹಾಸಿಗೆಯನ್ನು ಅಂಗಳಕ್ಕೆ ಎಳೆದು ಹಾಕಿದೆವು. ಮುಚ್ಚಳ ಬಿಚ್ಚಿ ಪಕ್ಕದಲ್ಲಿ ಕೂತೆ. ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ಹೆಂಡತಿ ಎರಡು ಸಲ ಊಟಕ್ಕೆ ಕರೆದಳು. ನನಗೆ ಏಳಲು ಆಗಲಿಲ್ಲ.