ಅಕ್ಕ ಹೇಳಿದ ಇಂಗ್ಲಿಷ್ ವಾಕ್ಯ

ನಾನು ಚಿಕ್ಕವಳಿದ್ದಾಗ ಗುಡೇಕೋಟೆಯ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹೊಗಳುತ್ತಿರಲಿಲ್ಲ. ನಾವು ಕುರಿ ಸಾಕುವವರು. ಹೊಗಳಿದರೆ ದೃಷ್ಟಿ ತಾಕುತ್ತದೆ ಎಂಬ ಭಯ ಅಪ್ಪನಿಗೆ. ಎಷ್ಟೇ ಚೆಂದದ ಮರಿ ಹುಟ್ಟಲಿ, ಅದನ್ನು ‘ಬಡಕ’ ಎಂದೇ ಕರೆಯುತ್ತಿದ್ದ. ದಾರಿಯಲ್ಲಿ ಹೋಗುವವರು ‘ಮರಿ ದುಂಡಗೈತಲ್ಲ’ ಅಂದರೆ ಮುಗಿಯಿತು, ಪಕ್ಕಕ್ಕೆ ತಿರುಗಿ ಥೂ ಥೂ ಎಂದು ಉಗುಳುತ್ತಿದ್ದ. ಮಕ್ಕಳಿಗೂ ಅದೇ ನ್ಯಾಯ. ನಾನು ಮಂಗ, ಅಕ್ಕ ದಡ್ಡಿ. ಆ ದಡ್ಡಿಯೇ ಪರೀಕ್ಷೆಯಲ್ಲಿ ನಮ್ಮ ಊರಿನ ಶಾಲೆಗೆಲ್ಲ ಮೊದಲು ಬರುತ್ತಿದ್ದಳು ನೋಡಿ!

ಆ ಬೇಸಿಗೆ ಅಕ್ಕನ ಹತ್ತನೇ ತರಗತಿ ಮುಗಿದಿತ್ತು. ಕರಾವಳಿ ಕಡೆಯಿಂದ ಹೊಸದಾಗಿ ಬಂದಿದ್ದ ಇಂಗ್ಲಿಷ್ ಮೇಷ್ಟ್ರು ಅವಳಿಗೆ ‘ಇನ್‌ವರ್ಡ್ಲಿ’ ಎಂಬ ಪದ ಕೊಟ್ಟು, ನಿನ್ನ ಮನೆಯಲ್ಲಿ ನೀನೇ ಕಂಡದ್ದರಿಂದ ಒಂದು ವಾಕ್ಯ ಮಾಡು ಎಂದಿದ್ದರು. ಬಾವಿಗೆ ಹೋದರೂ ರೊಟ್ಟಿ ಬಡಿದರೂ ಅಕ್ಕನಿಗೆ ಅದೇ ಧ್ಯಾನ. “ಅಂದ್ರ ಏನಕ್ಕಾ?” ಎಂದು ಕೇಳಿದೆ. “ಮನಸಿನಾಗ ಇರ್ತೈತಿ, ಮುಖದ ಮ್ಯಾಲೆ ಕಾಣಂಗಿಲ್ಲ. ಒಳಗೊಳಗ ಖುಷಿ, ಒಳಗೊಳಗ ಸಿಟ್ಟು, ಹಂಗ” ಎಂದಳು. ಅರ್ಥವೇನೋ ಗೊತ್ತಿತ್ತು, ವಾಕ್ಯ ಮಾತ್ರ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಆ ಮೇಷ್ಟ್ರೇ ಮನೆಗೆ ಬಂದರು. ಅಂಗಳದ ಬಂಡೆ ಕಾಲು ಸುಡುತ್ತಿತ್ತು. ಬೇವಿನ ನೆರಳಲ್ಲಿ ಕುರಿಮರಿಗಳು ಏದುಸಿರು ಬಿಡುತ್ತಿದ್ದವು. ಮಜ್ಜಿಗೆ ಕುಡಿದು ಮೇಷ್ಟ್ರು ಅಪ್ಪನಿಗೆ ಹೇಳಿದರು: “ಕೂಡ್ಲಿಗಿಯ ಹಾಸ್ಟೆಲ್‌ನಲ್ಲಿ ಒಂದು ಸೀಟು ಉಳಿದಿದೆ. ಇವತ್ತೇ ಹೋಗಿ ಹೇಳಬೇಕು. ನಿಮ್ಮ ಮಗಳು ಬಹಳ ಬುದ್ಧಿವಂತೆ, ಕಾಲೇಜಿಗೆ ಕಳಿಸಿ.”

ಅಪ್ಪ ಬೆಚ್ಚಿಬಿದ್ದ. ಥೂ ಥೂ ಎಂದು ಉಗುಳಿ, “ಎಲ್ಲಿ ಬುದ್ವಂತಿ ಬಿಡ್ರಿ ಸಾರ್. ಬರೀ ದಡ್ಡಿ. ಅದಕ್ಕೇನೂ ತಿಳಿಯಂಗಿಲ್ಲ” ಎಂದ.

ಮೇಷ್ಟ್ರ ಮುಖ ಬಾಡಿತು. ಪಾಪ, ಅವರಿಗೆ ನಮ್ಮ ರೀತಿ ಏನು ಗೊತ್ತು? “ನಿಮಗೆ ಕಳಿಸುವ ಮನಸ್ಸಿಲ್ಲ ಅಂತಾಯಿತು. ಬೇರೆ ಹುಡುಗಿಗೆ ಹೇಳುತ್ತೇನೆ” ಎಂದು ಎದ್ದು ಚಪ್ಪಲಿ ಮೆಟ್ಟಿದರು. ಅಪ್ಪ ಕೈ ಎತ್ತಿದ, ಬಾಯಿ ತೆರೆದ, ಮಾತು ಹೊರಡಲಿಲ್ಲ. ಅವರನ್ನು ನಿಲ್ಲಿಸಬೇಕಾದರೆ ಮಗಳು ಜಾಣೆ ಅಂತ ಒಪ್ಪಿಕೊಳ್ಳಬೇಕಿತ್ತಲ್ಲ! ಒಳಗೆ ನನ್ನ ಪಕ್ಕದಲ್ಲಿ ನಿಂತಿದ್ದ ಅಕ್ಕನ ಕಣ್ಣು ತುಂಬಿತ್ತು. ಅಪ್ಪನ ಆ ಪರದಾಟವನ್ನೇ ನೋಡುತ್ತಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ನಡೆದಳು.

“ಸಾರ್, ನಿಂದರ್ರಿ. ವಾಕ್ಯ ಸಿಕ್ತು. ಮೈ ಫಾದರ್ ಈಸ್ ಇನ್‌ವರ್ಡ್ಲಿ ಪ್ರೌಡ್” ಎಂದಳು. “ಆ ಕರೇ ಮರಿ ನೋಡ್ರಿ. ನಮ್ಮ ಮನ್ಯಾಗ ಅದಕ್ಕಿಂತ ಚಲೋ ಮರಿ ಇಲ್ಲ. ಅಪ್ಪ ಅದನ್ನ ಬಡಕ ಅಂತಾನ. ನನ್ನ ದಡ್ಡಿ ಅಂದದ್ದೂ ಹಂಗರಿ.”

“ಲೇ, ಸುಮ್ನಿರ! ಮರಿಗೆ ದೃಷ್ಟಿ ಆಗ್ತೈತಿ!” ಎಂದು ಅಪ್ಪ ಕೂಗಿದ.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. “ಹಾಗಾದರೆ ಕಳಿಸ್ತೀರಾ?” ಎಂದು ಕೇಳಿದರು. ಅಪ್ಪ ಒಳಗೆ ಹೋಗಿ, ತಾನು ಇನ್ನೂ ಹೊದೆಯದ ಹೊಸ ಕಂಬಳಿ ತಂದು ಅಕ್ಕನ ಕೈಗಿಟ್ಟ. “ಅಲ್ಲಿ ಚಳಿ ಇರ್ತೈತಿ. ಚಳಿ ಆದ್ರ ಹೇಳಾಕೂ ಬರಂಗಿಲ್ಲ ಈ ದಡ್ಡಿಗೆ” ಎಂದ. ಮೇಷ್ಟ್ರು ಓಡಿಹೋಗಿ ಬಸ್ಸು ಹಿಡಿದರು.

ಅಕ್ಕ ಓದಿ ಮುಂದೆ ಕೊಟ್ಟೂರಿನಲ್ಲಿ ಟೀಚರಾದಳು. ಮಾತಿನ ಹಿಂದಿನ ಮನಸ್ಸನ್ನು ಅಷ್ಟು ಚಿಕ್ಕ ವಯಸ್ಸಿಗೇ ಓದಿದ ಅವಳ ಜಾಣತನ ನೆನೆದರೆ ನನಗೆ ಇವತ್ತಿಗೂ ಬೆರಗು.

ಈಗ ನೋಡಿ ಮೊಮ್ಮಕ್ಕಳೇ, ನೀವು ಒಂದು ಹೂವಿನ ಚಿತ್ರ ಬರೆದರೂ ನಿಮ್ಮಪ್ಪ ಅದನ್ನು ಮೊಬೈಲಿನಲ್ಲಿ ನೆಂಟರಿಗೆಲ್ಲ ಕಳಿಸುತ್ತಾನೆ. ಎಲ್ಲರೂ ‘ಸೂಪರ್’ ಅನ್ನುತ್ತಾರೆ. ಇದು ಅತಿಯಾಯಿತು ಅಂತ ನಾನೂ ಗೊಣಗುತ್ತಿದ್ದೆ. ಆದರೆ ಹೋದ ವರ್ಷ ಅಕ್ಕ ಬಂದಾಗ, “ಅಪ್ಪ ಒಂದು ಸಲಾನಾದ್ರೂ ಬಾಯಿಬಿಟ್ಟು ಹೇಳಬೇಕಿತ್ತು ಅಂತ ನಿನಗ ಅನಿಸ್ತಿರಲಿಲ್ಲೇನು?” ಎಂದು ಕೇಳಿದೆ. ಅಷ್ಟೆಲ್ಲ ತಿಳಿದಿದ್ದ ಅಕ್ಕನೂ “ಭಾಳ ಅನಿಸ್ತಿತ್ತು” ಎಂದಳು.

ಅದಕ್ಕೇ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ ಮಕ್ಕಳೇ. ನೀವು ಜಾಣರು. ನಿಮ್ಮನ್ನು ಕಂಡರೆ ನನಗೆ ತುಂಬಾ ಹೆಮ್ಮೆ.