ಪೊರಕೆ ಕಟ್ಟುವ ತಂತಿ

ಪಶು ಆಸ್ಪತ್ರೆಯಲ್ಲಿ ಸತ್ತ ದನಗಳ ಹೊಟ್ಟೆ ಕುಯ್ಯುವುದೇ ಅವನ ನೌಕರಿ. ಮೊನ್ನೆ ಅವನ ಮುಂದೆ ಬಂದದ್ದು ಸ್ವಂತ ಅಕ್ಕನ ಹಸು. ಮೇವು ಬಿಟ್ಟು, ಬೆನ್ನು ಬಾಗಿಸಿ ನಿಂತು, ನರಳಿ ನರಳಿ ಸತ್ತಿತ್ತು. ಹಾಲು ಮಾರಿ ಬದುಕುವ ಪಕ್ಕದ ಮನೆಯವಳೇ ವಿಷ ಹಾಕಿದ್ದಾಳೆಂದು ಅಕ್ಕ ಬೀದಿಯಲ್ಲೆಲ್ಲ ಸಾರಿಬಿಟ್ಟಿದ್ದಳು. ಆಮೇಲೆ ಆ ಹೆಂಗಸಿನ ಹಾಲನ್ನು ಯಾರೂ ಕೊಳ್ಳಲಿಲ್ಲ. ನಮ್ಮ ಜನಕ್ಕೆ ಸಾಕ್ಷಿ ಬೇಕಿಲ್ಲ, ಕೂಗು ಸಾಕು.

ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದರಲ್ಲಿ ತಂತಿಯ ತುಂಡುಗಳಿದ್ದವು. ಒಂದು ಹೃದಯದವರೆಗೂ ಚುಚ್ಚಿಕೊಂಡು ಹೋಗಿತ್ತು. ಅವನು ಅದನ್ನು ತೊಳೆದು, ಹೊರಗೆ ಕಾದಿದ್ದ ಅಕ್ಕನ ಅಂಗೈಯಲ್ಲಿಟ್ಟ. ಕೊಟ್ಟಿಗೆಯಲ್ಲೇ ಕೂತು ಪೊರಕೆ ಕಟ್ಟಿ, ತಂತಿಯ ತುದಿ ಕತ್ತರಿಸಿ ಮೇವಿನ ಮೇಲೆ ಬೀಳಿಸುತ್ತಿದ್ದವಳು ಅವಳೇ.

"ವಿಷ ಅಂತಲೇ ಹೇಳಿಬಿಡೋ. ನಿನ್ನ ಗಂಟೇನು ಹೋಗುತ್ತೆ?"

"ಸತ್ತ ದನಗಳ ಹೊಟ್ಟೇಲಿ ಕೈಯಾಡಿಸಿಯೇ ಸಾಕಾಗಿದೆ, ಅಕ್ಕಾ. ಬದುಕಿರೋರ ಹೊಟ್ಟೆ ಮೇಲೆ ಹೊಡೆಯೋಕೆ ನನ್ನ ಕರೀಬೇಡ."

"ಈಗ ಯಾವ ಮುಖ ಇಟ್ಕೊಂಡು ಅವಳ ಹತ್ರ ಹೋಗ್ಲಿ?"

"ಬೀದೀಲಿ ಕೂಗಿದ ಮುಖಾನೇ ಇಟ್ಕೊಂಡು ಹೋಗು."

ಸಂಜೆ ಅಕ್ಕ ತಂತಿ ಹಿಡಿದು ಪಕ್ಕದ ಮನೆಗೆ ಹೋಗಿ ತಪ್ಪೊಪ್ಪಿಕೊಂಡಳು. ಇಡೀ ಬೀದಿ ನೋಡಿತು. ಆದರೂ ಮಾರನೆಯ ಬೆಳಿಗ್ಗೆ ಆ ಬಾಗಿಲಲ್ಲಿ ಹಾಲಿಗೆಂದು ಪಾತ್ರೆ ಹಿಡಿದು ನಿಂತಿದ್ದವಳು ಅಕ್ಕ ಒಬ್ಬಳೇ.