ಬೋಗುಣಿಯ ನೀರು

ನನ್ನ ಮೂಗಿನಲ್ಲಿ ಜಿಗಣೆ ಇದೆ ಎಂದು ಹೇಳಿದವರು ನನ್ನ ಮಾವ. ಯುದ್ಧದ ಕಾಲ ಅದು. ದೊಡ್ಡಬಳ್ಳಾಪುರದಲ್ಲಿ ನಾನು ಕೈಮಗ್ಗದ ಮೇಲೆ ರೇಷ್ಮೆ ಸೀರೆ ನೇಯುತ್ತಿದ್ದೆ. ನಾಲ್ಕು ತಿಂಗಳಿಂದ ಬಲಗಡೆಯ ಮೂಗು ಕಟ್ಟಿತ್ತು. ಒಂದು ದಿನ ನೇಯುತ್ತಿದ್ದಾಗ ಹಳದಿ ಸೀರೆಯ ಮೇಲೆ ರಕ್ತ ತೊಟ್ಟಿಕ್ಕಿತು. ಸೀರೆ ಹಾಳಾಯಿತಲ್ಲ ಎಂದು ಮೊದಲು ಸಿಟ್ಟು ಬಂತು. ಭಯ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಮಾವ ಚನ್ನರಾಯಪಟ್ಟಣದ ಕಡೆಯ ರೈತರು. ಕೆರೆಯಲ್ಲಿ ನೀರು ಕುಡಿದ ಎತ್ತುಗಳ ಮೂಗಿನಿಂದ ಜಿಗಣೆ ತೆಗೆಯುವುದರಲ್ಲಿ ಅವರದು ಪಳಗಿದ ಕೈ. ಸುದ್ದಿ ಕೇಳಿ ನಮ್ಮ ಮನೆಗೆ ಬಂದವರು ನನ್ನನ್ನು ಬಿಸಿಲಿಗೆ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ ಇಣುಕಿದರು.

"ಕಾಣ್ತದೆ ಅಳಿಯಂದ್ರೇ. ಕೆಂಪಗೆ, ನುಣ್ಣಗೆ ಕೂತದೆ. ಕೆರೆ ನೀರಿಗೆ ಬಾಯಿ ಹಾಕಿದ್ರಾ?"

ಹಬ್ಬಕ್ಕೆ ಅವರೂರಿಗೆ ಹೋದಾಗ ಹಾಕಿದ್ದೆ. ಅಷ್ಟು ಸಾಕಾಯಿತು. ಅಂದಿನಿಂದ ಬೆಳಿಗ್ಗೆ ಎದ್ದೊಡನೆ ಹೆಂಡತಿ ಹಿತ್ತಾಳೆಯ ಬೋಗುಣಿಯಲ್ಲಿ ತಣ್ಣೀರು ತಂದಿಡುವಳು. ನಾನು ಮೂಗು ನೀರಿಗೆ ತಾಗುವಷ್ಟು ಬಗ್ಗಿ ಕೂರುವೆ. ತಣ್ಣೀರಿನ ಆಸೆಗೆ ಜಿಗಣೆ ತಾನೇ ಇಳಿದು ಬರುತ್ತದಂತೆ. ಹದಿನೈದು ದಿನ ನೀರಿನಲ್ಲಿ ನನ್ನ ಮುಖವನ್ನೇ ನೋಡಿಕೊಂಡೆ. ಅದು ಒಂದು ಕಡೆ ಊದುತ್ತಿತ್ತು.

"ಇವತ್ತಾದ್ರೂ ಬಂತಾ?" ಎಂದು ಹೆಂಡತಿ ಕೇಳುವಳು.

"ಬರ್ತದೆ ಬಿಡು," ಎನ್ನುತ್ತಿದ್ದೆ. ಜಿಗಣೆಯೇ ಆಗಿರಲಪ್ಪಾ ಎಂದು ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದೆ.

ಕೊನೆಗೆ ಮಾವನ ತಾಳ್ಮೆ ಕೆಟ್ಟಿತು. ಚಿಮಟ ಹಾಕಿ ಎಳೆದರು. ಬೋಗುಣಿ ಕೆಂಪಾಯಿತು, ನೆಲ ಕೆಂಪಾಯಿತು. ಎಂಥ ಎತ್ತಿಗೂ ಹೆದರದ ಮನುಷ್ಯ ನನ್ನ ಮೂಗಿಗೆ ತಮ್ಮ ಹೆಗಲ ಮೇಲಿನ ವಲ್ಲಿ ಒತ್ತಿ ಹಿಡಿದು ದೇವರನ್ನು ಕೂಗುತ್ತಿದ್ದರು.

"ಇದು ಜಿಗಣೆ ಅಲ್ಲ ಅಳಿಯಂದ್ರೇ. ನಾನು ಕೆಟ್ಟೆ, ನಿಮ್ಮನ್ನೂ ಕೆಡಿಸ್ದೆ," ಎಂದರು. ಅಂದೇ ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ಒಳಗಿನಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವಾರ ಕಳೆದು ಕರೆದು ಹೇಳಿದರು: "ನೋಡಪ್ಪಾ, ಇದು ಒಂದು ಬಗೆ ಬಿಳಿ ರಕ್ತಕಣ ಮಿತಿಮೀರಿ ಬೆಳೆದು ಕಟ್ಟಿರೋ ಗಡ್ಡೆ, ಒಂಥರಾ ಕ್ಯಾನ್ಸರು. ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ನೋಡಿರ್ಲಿಲ್ಲ." ಅವರ ದನಿಯಲ್ಲಿ ಒಂದಿಷ್ಟು ಖುಷಿ ಇತ್ತು, ಅದಕ್ಕೆ ನನಗೆ ಇಂದಿಗೂ ಕೋಪ. "ಈ ಕಣ ಮೂಳೆ ಒಳಗೂ ಗಡ್ಡೆ ಕಟ್ಟುತ್ತೆ. ಹಾಗಾಗಿದ್ರೆ ನಮ್ಮ ಕೈಲಿ ಏನೂ ಇಲ್ಲ. ಮೂಗಲ್ಲಿ ಮಾತ್ರ ಇದ್ರೆ ತೆಗೆದು, ಕಿರಣ ಕೊಟ್ಟು ನೋಡ್ಬಹುದು."

ತಲೆ, ಪಕ್ಕೆಲುಬು, ತೊಡೆ ಎಲ್ಲದರ ಎಕ್ಸರೇ ತೆಗೆದರು. ಫಲಿತಾಂಶಕ್ಕೆ ಮೂರು ದಿನ. ಆ ಮೂರು ದಿನ ನನ್ನ ಪಕ್ಕೆಲುಬುಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಂಡೆ. ಒತ್ತಿದಲ್ಲೆಲ್ಲ ನೋಯುತ್ತಿತ್ತು. ಮಾವ ಆಸ್ಪತ್ರೆಯ ಜಗಲಿಯ ಮೇಲೆ ಅನ್ನ ಬಿಟ್ಟು ಕೂತಿದ್ದರು.

ಮೂಳೆಗಳು ಚೆನ್ನಾಗಿದ್ದವು. ಗಡ್ಡೆ ತೆಗೆದರು, ಕಿರಣ ಕೊಟ್ಟರು. "ಎಷ್ಟೋ ವರ್ಷ ಆದ್ಮೇಲೂ ಮತ್ತೆ ಬರ್ಬಹುದು. ರಕ್ತ ಕಂಡ್ರೆ ತಡ ಮಾಡ್ಬೇಡ," ಎಂದು ಕಳಿಸಿಕೊಟ್ಟರು.

ಹೆಂಡತಿ ಬೋಗುಣಿಯನ್ನು ಅಟ್ಟಕ್ಕೆ ಸೇರಿಸಿದ್ದಳು. ನಾನೇ ಇಳಿಸಿಕೊಂಡೆ. ಈಗಲೂ ಮಗ್ಗಕ್ಕೆ ಕೂರುವ ಮುಂಚೆ ಅದರಲ್ಲಿ ನೀರು ತುಂಬಿ ಬಗ್ಗುತ್ತೇನೆ. ಆಗ ಏನಾದರೂ ಬೀಳಲಿ ಎಂದು ಕಾಯುತ್ತಿದ್ದವನು, ಈಗ ಏನೂ ಬೀಳದಿರಲಿ ಎಂದು ಕಾಯುತ್ತೇನೆ.